ಅವ್ವ ಕುಂಕುಮ ಹಚ್ಚಿದ ಹಾರ್ಮೋನು

ಆ ಹಾರ್ಮೋನಿನ ಸೀಸೆ ನೋಡಿದರೆ ಯಾರಿಗಾದರೂ ಸಿಟ್ಟು ಬರಬೇಕು. ಹೆಬ್ಬೆರಳಿಗಿಂತ ಚಿಕ್ಕದು, ಒಳಗೆ ಏನೂ ಕಾಣುವುದಿಲ್ಲ. ಬೆಳಕಿಗೆ ಹಿಡಿದು ಓರೆ ಮಾಡಿದರೆ ತಳದಲ್ಲಿ ಸುಣ್ಣ ಸವರಿದಂಥ ಒಂದು ಬಿಳಿ ಕಲೆ, ಅಷ್ಟೇ. ಮನುಷ್ಯನ ಹೃದಯ ತನ್ನ ಮೇಲೆ ಭಾರ ಹೆಚ್ಚಾದಾಗ ರಕ್ತಕ್ಕೆ ಬಿಡುವ ಹಾರ್ಮೋನು ಅದು. ಮೈಯಲ್ಲಿ ನಿಂತ ನೀರು ಹೊರಗೆ ಹೋಗಲಿ, ರಕ್ತನಾಳ ಸಡಿಲವಾಗಲಿ ಎಂದು ಹೃದಯವೇ ಅದನ್ನು ಕಳಿಸುತ್ತದೆ. ಈಗ ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅದನ್ನು ಹೊರಗೂ ತಯಾರಿಸುತ್ತಾರೆ. ನಾನು ಲಿಂಗಸುಗೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಸಂಶೋಧನೆ ಮಾಡುವವಳು. ಮಟನ್ ಅಂಗಡಿಯಿಂದ ತಂದ ಆಡಿನ ರಕ್ತನಾಳವನ್ನು ಉಂಗುರದಂತೆ ಕೊಯ್ದು, ಬೆಚ್ಚನೆಯ ಉಪ್ಪುನೀರಿನಲ್ಲಿ ತೂಗುಬಿಟ್ಟು, ಅದಕ್ಕೆ ಈ ಹಾರ್ಮೋನು ಬೆರೆಸಿ ಏನಾಗುತ್ತದೆಂದು ನೋಡುವುದು ನನ್ನ ಕೆಲಸ. ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಕೊಡುವಂತಿಲ್ಲ ಎಂದು ಸೀಸೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿರುತ್ತದೆ.

ಮಸ್ಕಿಯ ನಮ್ಮ ಓಣಿಯಲ್ಲಿ ಅವ್ವ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದ್ದಳು. “ನಮ್ಮ ಸಣ್ಣಾಕಿ ಗುಂಡಿಗಿ ಔಷಧಿ ಮಾಡಾಕತ್ಯಾಳ.” ಔಷಧಿ ಅಲ್ಲವ್ವ ಎಂದರೆ, “ನಿನಗೇನ್ ಗೊತ್ತು, ಸುಮ್ಕಿರು” ಎನ್ನುತ್ತಿದ್ದಳು. ದಿನವಿಡೀ ಅದರ ಜೊತೆ ಏಗುವವಳು ನಾನು, ಗೊತ್ತಿರುವುದು ಮಾತ್ರ ಅವಳಿಗೆ! ಆಗ ನಗು ಬರುತ್ತಿತ್ತು.

ಹೋದ ಬೇಸಿಗೆಯಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳ ಗಂಡ, ನಾನು ಮಾಮ ಎಂದು ಕರೆಯುವವರು, ಮುಕ್ಕುಂದದವರು. ಭತ್ತ ಕೊಯ್ಯುವ ಮಷಿನ್ ಓಡಿಸುತ್ತಾರೆ. ಹೆರಿಗೆ ಸಲೀಸಾಗಿ ಆಯಿತು, ಹೆಣ್ಣು ಕೂಸು. ಅವ್ವ ಒಳಕೋಣೆಯ ಕಿಟಕಿಗೆ ಹಳೆಯ ಕೌದಿ ಕಟ್ಟಿ, ಅಕ್ಕನ ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿ, ಹೊರಸಿನ ಕೆಳಗೆ ಕೆಂಡದ ಬುಟ್ಟಿ ಇಟ್ಟಳು. ನಮ್ಮ ಕಡೆ ಬಾಣಂತಿಯನ್ನು ಕಾಯಿಸದೆ ಬಿಡುವ ತಾಯಿ ಇಲ್ಲ. ಹೊರಗೆ ಬಿಸಿಲು ಬೆಂಕಿಯಂತೆ ಸುರಿಯುತ್ತಿದ್ದರೂ ಕೆಂಡ ಕೆಂಡವೇ. ಅವ್ವ ಸಂತೆಕಲ್ಲೂರಿನ ತವರಿನಲ್ಲಿ ತನ್ನನ್ನು ಹೀಗೇ ಕಾಯಿಸಿದ್ದರಿಂದಲೇ ಸೊಂಟ ಇನ್ನೂ ಗಟ್ಟಿ ಇದೆ ಎಂದು ಹೇಳಿಕೊಳ್ಳುತ್ತಿದ್ದಳು.

ಕೂಸಿಗೆ ತೊಟ್ಟಿಲು ಕಟ್ಟುವ ಹೊತ್ತಿಗೆ ಅಕ್ಕನ ಕಾಲು ಬಾತಿದ್ದವು. ಹಾಸ್ಟೆಲಿನಿಂದ ಬಂದ ನಾನು ಅವಳ ಮೊಣಕಾಲ ಕೆಳಗೆ ಬೆರಳೊತ್ತಿದೆ. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು. ಅವಳು ಮಲಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು.

“ಮಲಗಿದ್ರ ಯಾರೋ ಎದಿ ಮ್ಯಾಲೆ ಕುಂತಂಗ ಆಕ್ಕೈತಿ,” ಎಂದಳು.

“ಬಾಣಂತಿ ನಂಜು ಅದು,” ಎಂದಳು ಅವ್ವ. “ನೀರು ಕಮ್ಮಿ ಕೊಟ್ಟು, ಚಂದಾಗಿ ಕಾಯಿಸಿದ್ರ ಇಳಿತೈತಿ.”

“ಕೆಂಡ ತಗಿಯಬೇ ಮೊದಲ! ಆಕಿಗೆ ಉಸಿರು ಹಿಡಿಯಾಕತ್ತೈತಿ, ನೀ ಇನ್ನಾ ಹೊಗಿ ಹಾಕ್ತಿ!” ಎಂದು ನಾನು ಒದರಾಡಿದೆ. ಅವ್ವ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಬುಟ್ಟಿಯನ್ನು ಹೊರಗೆ ಎಳೆದರೆ ನಾನು ಬಚ್ಚಲಿಗೆ ಹೋಗಿ ಬರುವುದರೊಳಗೆ ಅದು ಮತ್ತೆ ಹೊರಸಿನ ಕೆಳಗೆ ಇರುತ್ತಿತ್ತು.

ಜಗಳ ಮಾಡಿ, ಅತ್ತು, ಮಾಮನನ್ನು ಕರೆಸಿ, ಅಂತೂ ಅಕ್ಕನನ್ನು ಸಿಂಧನೂರಿನ ಡಾಕ್ಟರ ಹತ್ತಿರ ಕರೆದೊಯ್ದೆವು. ಅವರು ಹೃದಯದ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಅಕ್ಕನ ಹೃದಯ ಕಂಡಿತು. ಗಟ್ಟಿಯಾಗಿ ಮುಷ್ಟಿ ಹಿಡಿಯಬೇಕಾದದ್ದು ಸುಮ್ಮನೆ ಅಲುಗಾಡುತ್ತಿತ್ತು. ಹೆರಿಗೆಯ ಆಸುಪಾಸಿನಲ್ಲಿ ಕೆಲವರಿಗೆ ಹೃದಯದ ಸ್ನಾಯು ಹೀಗೆ ಸೋತುಹೋಗುತ್ತದಂತೆ. ಡಾಕ್ಟರು ನೀರು ಇಳಿಯಲು ಒಂದು ಇಂಜೆಕ್ಷನ್ ಕೊಟ್ಟು, ಗುಳಿಗೆ ಬರೆದು, “ನನ್ನ ಕೈಲಿ ಆಗೂದಿಲ್ರೀ. ನಾಳೆ ಮುಂಜಾನೆನೇ ರಾಯಚೂರಿಗೆ ದೊಡ್ಡ ದವಾಖಾನಿಗೆ ಒಯ್ಯಿರಿ,” ಎಂದರು.

ಅಕ್ಕನನ್ನು ಮನೆಗೆ ಬಿಟ್ಟು, ರಾಯಚೂರಿನಲ್ಲಿ ಇರಲು ಬಟ್ಟೆಬರೆ ತರೋಣವೆಂದು ನಾನು ಲಿಂಗಸುಗೂರಿಗೆ ಹೋದೆ. ಕಾಲೇಜಿನಲ್ಲಿ ಡೀಪ್ ಫ್ರೀಜರ್ ಕೆಟ್ಟು ಕೂತಿತ್ತು. ಉಳಿದಿದ್ದ ಎರಡು ಸೀಸೆ ಹಾಳಾಗಬಾರದೆಂದು ನನ್ನ ಗೈಡ್ ಸರ್ ಅವುಗಳನ್ನು ನನ್ನ ಕೈಗೇ ಕೊಟ್ಟು, ಮನೆಯ ಫ್ರಿಜ್‌ನಲ್ಲಿ ಮೇಲಿನ ಖಾನೆಯಲ್ಲಿ ಇಟ್ಟುಕೋ ಎಂದರು. ಐಸ್‌ಕ್ಯಾಂಡಿ ಅಂಗಡಿಯಿಂದ ಐಸ್ ತುಂಬಿಸಿ, ಥರ್ಮಾಸಿನೊಳಗೆ ಸೀಸೆಗಳನ್ನಿಟ್ಟುಕೊಂಡು ಬಸ್ಸು ಹತ್ತಿದೆ. ಕಡೆಯ ಸೀಟಿನಲ್ಲಿ ಥರ್ಮಾಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ, ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೂ ಆಸೆಯಾಯಿತು. ಹೃದಯದ್ದೇ ಹಾರ್ಮೋನು, ಸೋತದ್ದು ಹೃದಯವೇ. ಮರುಗಳಿಗೆಗೆ ನನ್ನ ಓದಿಗೆ ನಾನೇ ಉಗಿದುಕೊಂಡೆ.

ಮನೆಯಲ್ಲಿ ಥರ್ಮಾಸು ನೋಡಿದ್ದೇ ತಡ, ಅವ್ವನ ಮುಖ ಅರಳಿತು. “ತಂದಿ ಹೌದಿಲ್ಲೋ? ನನಗ ಗೊತ್ತಿತ್ತು.”

“ಯವ್ವಾ, ಇದು ಕೊಡೂದಲ್ಲ. ಮುಟ್ಟಬ್ಯಾಡ,” ಎಂದು ಬಿಡಿಸಿ ಬಿಡಿಸಿ ಹೇಳಿದೆ. ಆಯ್ತು ಆಯ್ತು ಎಂದಳು.

ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಬದುಕಿದ್ದಾಗ ತಂದ ಬುದ್ಧನ ಫೋಟೋ ಇದೆ. ಒಳಗೆ ಅಡುಗೆಮನೆಯ ಮೂಲೆಯಲ್ಲಿ ಅವ್ವ ಬಿಡದೆ ಇಟ್ಟುಕೊಂಡ ಎಲ್ಲಮ್ಮ. ಮುಂಜಾನೆ ನಾನು ಗಾಡಿ ಗೊತ್ತುಮಾಡಲು ಬಸ್ಟ್ಯಾಂಡಿನ ಕಡೆ ಹೋದೆ. ತಿರುಗಿ ಬಂದಾಗ ಎಲ್ಲಮ್ಮನ ಮುಂದೆ ಒಂದು ಸೀಸೆ ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು. ಇನ್ನೊಂದರ ಮುಚ್ಚಳವನ್ನು ಚಾಕುವಿನಿಂದ ಕಿತ್ತು, ಹಾಲು ಹಾಕಿ ತೊಳೆದು, ಆ ಹಾಲನ್ನು ಅಕ್ಕನಿಗೆ ಕುಡಿಸಿಯಾಗಿತ್ತು. ಕುಂಕುಮದ ಸೀಸೆಯನ್ನು ಎತ್ತಿ ಮತ್ತೆ ಫ್ರಿಜ್ಜಿನ ಮೇಲಿನ ಖಾನೆಗೆ ಹಾಕಿದೆ.

“ಏನ್ ಮಾಡಿದೆಬೇ!”

“ಯಾಕ ಒದರ್ತಿ? ಆಕಿನ್ನ ಕೇಳು.”

ಅಕ್ಕ ಗೋಡೆಗೆ ಒರಗಿದ್ದಳು, ಆದರೆ ಮುಖ ತುಸು ತಿಳಿಯಾಗಿತ್ತು. “ಹಗುರ ಅನಸ್ತೈತಿ ನೋಡಲೇ. ದಮ್ಮು ಕಮ್ಮಿ ಆಗೈತಿ,” ಎಂದು ನಕ್ಕಳು.

ಹಗುರವಾದದ್ದು ಸಿಂಧನೂರಿನ ಇಂಜೆಕ್ಷನ್‌ನಿಂದ. ಈ ಹಾರ್ಮೋನು ಹೊಟ್ಟೆಗೆ ಹೋದರೆ ಬೇಳೆ ಅರಗಿದಂತೆ ಅರಗಿಹೋಗುತ್ತದೆ, ಕೆಡುಕೂ ಇಲ್ಲ, ಒಳಿತೂ ಇಲ್ಲ. ಇದನ್ನು ಎಷ್ಟು ಬಗೆಯಲ್ಲಿ ಹೇಳಿದೆನೋ ನನಗೇ ನೆನಪಿಲ್ಲ. ಮಾಮ ಖಾಲಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತ, “ಗುಣ ಆಗಾಕತ್ತೈತಲ್ಲವಾ, ಮತ್ಯಾಕ ಬಾಣಂತಿನ್ನ ಅಷ್ಟು ದೂರ ಅಲುಗಾಡಿಸೂದು? ಎಲ್ಡು ದಿನ ನೋಡೂಣು,” ಎಂದರು. ಗಾಡಿಯನ್ನು ವಾಪಸು ಕಳಿಸಿದರು. ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಡಾಕ್ಟರು ಕೊಟ್ಟ ಗುಳಿಗೆಯಿಂದ ಮೈಯ ನೀರೆಲ್ಲ ಹೋಗಿ ಕೂಸಿಗೆ ಹಾಲು ಬತ್ತುತ್ತದೆ ಎಂದು ಅದನ್ನೂ ನಿಲ್ಲಿಸಿದಳು. ನಾನು ಮುಚ್ಚಿ ಮುಚ್ಚಿ ಕೊಡಲು ಹೋದರೆ ಅಕ್ಕನೇ ಬೇಡವೆಂದಳು. “ಅವ್ವನ ಜೀವಕ್ಕ ಸಮಾಧಾನ ಇರಲಿ ಬಿಡು,” ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಆ ಮನೆಯಲ್ಲಿ ಎಲ್ಲರಿಗೂ ಸಮಾಧಾನವಿತ್ತು, ನಾನೊಬ್ಬಳೇ ತಲೆ ಕೆಟ್ಟವಳಂತೆ ಅಂಗಳಕ್ಕೂ ಕೋಣೆಗೂ ತಿರುಗುತ್ತಿದ್ದೆ.

ಮರುದಿನ ಮಧ್ಯಾಹ್ನ ಅಕ್ಕನ ತುಟಿ ನೀಲಿಗಟ್ಟಿತು. ಮಾತು ತುಂಡು ತುಂಡಾಯಿತು. ಅವ್ವ ಓಡಿದ್ದು ಎಲ್ಲಿಗೆ? ಫ್ರಿಜ್ಜಿಗೆ. ಉಳಿದ ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು, ಚಾಕು ಹುಡುಕುತ್ತಿದ್ದಳು. ಇನ್ನು ನಿಜ ಹೇಳಿ ಪ್ರಯೋಜನವಿಲ್ಲ ಎಂದು ನನಗೆ ಆಗ ಹೊಳೆಯಿತು.

“ಹಾಲಿನಾಗ ಕೊಟ್ರ ಅರಗಿ ಹೊಕ್ಕೈತಬೇ! ದೊಡ್ಡ ದವಾಖಾನ್ಯಾಗ ಸೂಜಿಲೆ ಕೊಟ್ರ ಮಾತ್ರ ಹಿಡಿತೈತಿ. ಇದೊಂದೇ ಉಳದೈತಿ. ಜಲ್ದಿ ನಡಿ!”

ಅವ್ವ ಸೀಸೆಯನ್ನು ಥರ್ಮಾಸಿಗೆ ಹಾಕಿ, ಸೆರಗು ಸೊಂಟಕ್ಕೆ ಕಟ್ಟಿ ಹೊರಟಳು. ಇದೇ ಸುಳ್ಳನ್ನು ಹಿಂದಿನ ದಿನವೇ ಹೇಳಲು ನನಗೇಕೆ ತೋಚಲಿಲ್ಲ ಎಂದು ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಮಾಮ ಓಡಿಹೋಗಿ ತಂದ ಗಾಡಿಯಲ್ಲಿ ದಾರಿಯುದ್ದಕ್ಕೂ ಅಕ್ಕ ನನ್ನ ಭುಜಕ್ಕೆ ಒರಗಿ ಗಾಳಿ ಹುಡುಕಿದಳು. ಸಿಂಧನೂರು ದಾಟಿದ ಮೇಲೆ ಕಾಲುವೆಯ ಗದ್ದೆಗಳಲ್ಲಿ ಕೊಯ್ಲಿನ ಮಷಿನ್‌ಗಳು ನಿಂತಿದ್ದವು. ಮಾಮ ಅತ್ತ ಮುಖ ತಿರುಗಿಸಿ ಅಳುತ್ತಿದ್ದರು. ಅವ್ವ ಕೂಸನ್ನು ಒಂದು ಕೈಯಲ್ಲಿ, ಥರ್ಮಾಸನ್ನು ಇನ್ನೊಂದು ಕೈಯಲ್ಲಿ ಅವುಚಿಕೊಂಡಿದ್ದಳು.

ರಾಯಚೂರಿನಲ್ಲಿ ಅಕ್ಕನನ್ನು ಒಳಗೆ ಒಯ್ದರು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಒಬ್ಬ ಎಳೆಯ ಡಾಕ್ಟರು ಹೊರಗೆ ಬಂದು, ನಾನು ಓದಿದವಳೆಂದು ತಿಳಿದು, ವಿವರಿಸಿದರು. ಪರೀಕ್ಷೆ ಮಾಡಿದ್ದು ಅದೇ ಹಾರ್ಮೋನಿಗೆ. ಹೃದಯ ಸೋತಷ್ಟೂ ಅದನ್ನು ಹೆಚ್ಚು ಹೆಚ್ಚು ಬಿಡುತ್ತದೆ. ಅಕ್ಕನ ರಕ್ತದಲ್ಲಿ ಅದು ತುಂಬಿ ತುಳುಕುತ್ತಿತ್ತು. ಪುಸ್ತಕದಲ್ಲಿ ಇದನ್ನು ನಾನು ಎಷ್ಟೋ ಸಲ ಓದಿದ್ದೆ.

ಬೆಂಚಿನ ಮೇಲೆ ಕೂತ ಅವ್ವ ಕೇಳಿದಳು. “ನಮ್ಮ ಔಷಧಿ ಯಾವಾಗ ಕೊಡ್ತಾರಂತ?”

“ಕೊಡೂದಿಲ್ಲವ್ವ. ಆಕಿ ಮೈಯಾಗ ಅದು ಬೇಕಾದಷ್ಟು ಐತಿ. ಆಕಿ ಗುಂಡಿಗೀನೇ ಮಾಡಾಕತ್ತಿತ್ತು, ಕಾಲು ಬಾತಾಗಿಂದ. ನನಗ ಆಗವಲ್ದು, ಯಾರರ ಕೈ ಹಚ್ರಿ ಅಂತ.”

ಅವ್ವ ಥರ್ಮಾಸನ್ನು ನನ್ನ ತೊಡೆಯ ಮೇಲೆ ಇಟ್ಟಳು. “ಒದರಾಕತ್ತಿತ್ತಾ?” ಎಂದಳು. “ನಾ ಕೆಂಡ ಊದ್ಕೋತ ಕುಂತಿದ್ನಲ್ಲವ್ವಾ.”

ಅಕ್ಕ ಮರುದಿನ ಹೊತ್ತು ಏರುವ ಮೊದಲೇ ತೀರಿಕೊಂಡಳು. ಕೂಸನ್ನು ಅವ್ವ ಮಸ್ಕಿಯಲ್ಲೇ ಸಾಕುತ್ತಿದ್ದಾಳೆ. ಒಳಕೋಣೆಯ ಕಿಟಕಿಯ ಕೌದಿ ಕಿತ್ತು ಹಾಕಿದ್ದಾಳೆ. ಕೂಸಿಗೆ ಸುಮ್ಮನೆ ಕೆಮ್ಮು ಬಂದರೂ ಸೀದಾ ದವಾಖಾನೆಗೆ ಓಡುತ್ತಾಳೆ. ಮಾಮ ಆಗಾಗ ಬಂದು, ತೊಟ್ಟಿಲ ಹತ್ತಿರ ಕೂತು ಹೋಗುತ್ತಾರೆ.

ನಾನು ಕಾಲೇಜಿಗೆ ಮರಳಿ, ನಡೆದದ್ದನ್ನೆಲ್ಲ ಹೇಳಿ, ಉಳಿದ ಸೀಸೆಯನ್ನು ಸರ್ ಕೈಗೆ ಕೊಟ್ಟೆ. ಅವರು ಅದನ್ನು ರಿಪೇರಿಯಾದ ಫ್ರೀಜರಿನಲ್ಲಿ ಇಟ್ಟರು. ಬಹಳ ದಿನಗಳ ಮೇಲೆ, ಇಷ್ಟು ಓಡಾಟದಲ್ಲಿ ಅದು ಕೆಟ್ಟಿರಬೇಕು, ಒಮ್ಮೆ ನೋಡಿಯೇಬಿಡೋಣ ಎಂದರು. ಆಡಿನ ರಕ್ತನಾಳದ ಉಂಗುರ ತೂಗುಬಿಟ್ಟು, ಸೀಸೆಗೆ ನೀರು ಸೇರಿಸಿ, ಒಂದು ಹನಿ ಬಿಟ್ಟೆ. ಬೆರಳಿಗೆ ಕುಂಕುಮ ಹತ್ತಿತು. ಬಿಗಿದುಕೊಂಡಿದ್ದ ಉಂಗುರ ಕಣ್ಣೆದುರೇ ಮೆಲ್ಲಗೆ ಸಡಿಲವಾಯಿತು, ಪುಸ್ತಕದಲ್ಲಿ ಬರೆದಂತೆಯೇ.

“ಚಲೋ ಐತಲ್ಲವಾ, ಕೆಟ್ಟಿಲ್ಲ,” ಎಂದರು ಸರ್.

“ಹೌದ್ರೀ ಸರ್,” ಎಂದು ಹೊರಗೆ ಬಂದು, ನಳದ ಕೆಳಗೆ ಕೈ ಹಿಡಿದು ನಿಂತೆ. ಕುಂಕುಮ ಬೇಗ ಹೋಗಲಿಲ್ಲ.