ದೋಹಾದಲ್ಲಿ ಸೋದರಮಾವನನ್ನು ಹುಡುಕಿದ್ದು

ನನ್ನ ಮಗಳಿಗೆ ಹೆಸರಿಡುವ ಕಾಲಕ್ಕೆ ದೋಹಾದಲ್ಲಿ ನಮಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ತೊಟ್ಟಿಲನ್ನು ಮೇಲಿನ ಮನೆಯ ಈಜಿಪ್ಟಿನ ಹೆಂಗಸು ಕೊಟ್ಟಿದ್ದಳು. ಬಾಳೆಎಲೆ ವಾರಕ್ಕೊಮ್ಮೆ ವಿಮಾನದಲ್ಲಿ ಬರುತ್ತಿತ್ತು. ಕರಿನೂಲು, ಬೆಳ್ಳಿಯ ಉಡಿದಾರ ಅಮ್ಮನ ಪೆಟ್ಟಿಗೆಯಲ್ಲಿ ಊರಿನಿಂದಲೇ ಬಂದಿದ್ದವು. ಸಿಗದೆ ಹೋದದ್ದು ಸೋದರಮಾವ ಒಬ್ಬನೇ.

ನಮ್ಮದು ತುಳುನಾಡಿನ ಅಳಿಯಕಟ್ಟಿನ ಮನೆ. ಅಂದರೆ ಮನೆತನ ತಾಯಿಯಿಂದ ಮಗಳಿಗೆ ಬರುತ್ತದೆ, ಮಗುವಿನ ಮಟ್ಟಿಗೆ ಅಪ್ಪನಿಗಿಂತ ಒಂದು ಮಣೆ ಮೇಲೆ ಕೂರುವವನು ತಾಯಿಯ ಅಣ್ಣನೋ ತಮ್ಮನೋ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುವುದು, ಸೊಂಟಕ್ಕೆ ದಾರ ಕಟ್ಟುವುದು, ಕಿವಿಯಲ್ಲಿ ಹೆಸರು ಹೇಳುವುದು ಎಲ್ಲ ಅವನದೇ ಕೆಲಸ. ಅದರಲ್ಲೂ ನನಗೆ ಹುಟ್ಟಿದ್ದು ಹೆಣ್ಣು. ಹೆಣ್ಣು ಹುಟ್ಟಿದರೆ ಅಮ್ಮನ ನಡಿಗೆಯೇ ಬದಲಾಗುತ್ತದೆ. ಮನೆ ಮುಂದುವರಿಯಿತಲ್ಲ ಎಂಬ ಹೆಮ್ಮೆ ಅವಳಿಗೆ. ಆದರೆ ನನಗಿದ್ದ ಒಬ್ಬನೇ ಅಣ್ಣ, ಮಗು ಹುಟ್ಟುವ ಎರಡು ವರ್ಷ ಮುಂಚೆ ಕಾಮಾಲೆಯಾಗಿ ತೀರಿಹೋಗಿದ್ದ.

"ಮಾವ ಇಲ್ಲದೆ ಹೆಸರು ಇಡ್ಲಿಕ್ಕಿಲ್ಲ" ಎಂದು ಅಮ್ಮ ಬಂದ ವಾರವೇ ತೀರ್ಪು ಕೊಟ್ಟುಬಿಟ್ಟಳು. ಅವಳ ಹಟದ ಒಳಗೆ ಅಣ್ಣ ಹೋದ ದುಃಖ ಇದ್ದದ್ದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆ ಮಣೆಯ ಮೇಲೆ ಯಾರೂ ಕೂರದೆ ಹೋದರೆ ಅವನು ಇಲ್ಲವೆಂಬುದನ್ನು ಇಡೀ ಕೋಣೆಯ ಮುಂದೆ ಒಪ್ಪಿಕೊಂಡಂತೆ. ಅದು ಅವಳಿಂದ ಆಗುತ್ತಿರಲಿಲ್ಲ. ನನ್ನಿಂದಲೂ ಆಗುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ನಾವಿದ್ದದ್ದು ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಫ್ಲಾಟಿನಲ್ಲಿ. ಊರಿನವರು ಫೋನಿನಲ್ಲಿ, "ಅದು ಮುಸ್ಲಿಮರ ದೇಶ ಅಲ್ವಾ, ದೇವರಿಗೆ ದೀಪ ಇಡ್ಲಿಕ್ಕೆ ಬಿಡ್ತಾರಾ?" ಎಂದು ತಗ್ಗಿದ ಸ್ವರದಲ್ಲಿ ಕೇಳುತ್ತಿದ್ದರು. ನನಗೆ ನಗು. ದೇವಸ್ಥಾನ ಇಲ್ಲ, ಅದು ನಿಜ. ನಮ್ಮ ದೇವರು ಅಡುಗೆ ಕೋಣೆಯ ಕಪಾಟಿನೊಳಗೆ, ಉಪ್ಪಿನಕಾಯಿ ಭರಣಿಗಳ ಮೇಲಿನ ತಟ್ಟೆಯಲ್ಲಿ ಸುಖವಾಗಿದ್ದರು. ಬಾಗಿಲು ತೆರೆದರೆ ಗುಡಿ, ಮುಚ್ಚಿದರೆ ಕಪಾಟು. ಕಟ್ಟಡದ ಒಡೆಯ ಮಾತ್ರ ಆ ದೇಶದವನು. ಒಳಗೆ ಇದ್ದವರಲ್ಲಿ ಸುಡಾನಿನವರು, ಫಿಲಿಪೀನ್ಸಿನವರು, ಸಿಂಹಳದವರು, ಮಲಯಾಳಿಗಳು, ನಾವು. ಅವರವರ ದೇವರು ಅವರವರ ಬಾಗಿಲ ಹಿಂದೆ. ಮೆಟ್ಟಿಲ ಮೇಲೆ ಮಾತ್ರ ಎಲ್ಲರ ಒಗ್ಗರಣೆಯ ವಾಸನೆ ಒಟ್ಟಿಗೆ ಸೇರುತ್ತಿತ್ತು.

ಶುಕ್ರವಾರ ಎಲ್ಲರಿಗೂ ರಜೆ, ಹಾಗಾಗಿ ಎಲ್ಲರ ದೇವರಿಗೂ ಅದೇ ವಾರ. ಎದುರು ಫ್ಲಾಟಿನ ಬಾಯಮ್ಮ, ಉಡುಪಿ ಕಡೆಯ ಕೊಂಕಣಿ ಕ್ರಿಸ್ತುವರು, ಒಂದು ಆಫೀಸಿನಲ್ಲಿ ಕ್ಲಾರ್ಕು. ಅವರು ಭಾನುವಾರದ ಪೂಜೆಗೆ ಹೋಗುತ್ತಿದ್ದದ್ದು ಶುಕ್ರವಾರ ಬೆಳಿಗ್ಗೆ. ಚರ್ಚಿನ ಕಟ್ಟಡ ಇನ್ನೂ ಆಗಿರಲಿಲ್ಲ, ಪೂಜೆ ನಡೆಯುತ್ತಿದ್ದ ಶಾಲೆಯನ್ನೇ ಅವರು ಚರ್ಚು ಅನ್ನುತ್ತಿದ್ದರು. ಅವರ ಮಕ್ಕಳು ದೋಹಾದಲ್ಲೇ ಹುಟ್ಟಿದವರು, ಕೊಂಕಣಿಯ 'ಆಯ್ತಾರ್' ಅಂದರೆ ಭಾನುವಾರ ಅಲ್ಲ, ಶುಕ್ರವಾರ ಎಂದೇ ನಂಬಿದ್ದರು. "ಊರಿಗೆ ಹೋದಾಗ ಅಜ್ಜಿಯ ಹತ್ರ ಜಗಳ ಮಾಡಿದ್ದಾವೆ ಮಾರಾಯ್ತಿ" ಎಂದು ಬಾಯಮ್ಮ ತಲೆ ಚಚ್ಚಿಕೊಳ್ಳುತ್ತಿದ್ದರು.

ಮಾವನ ಹುಡುಕಾಟಕ್ಕೆ ಬರುತ್ತೇನೆ. ಗಂಡನಿಗೆ ಇದೊಂದು ಸಮಸ್ಯೆಯೇ ಅಲ್ಲ ಎನಿಸಿತ್ತು. ಊರ ಕಡೆಯ ಗೆಳೆಯರು ಬೇಕಾದಷ್ಟಿದ್ದರು, ಎಲ್ಲರೂ ನಮ್ಮವರೇ, ಒಬ್ಬರಿಗಿಂತ ಒಬ್ಬರು ಮುಂದೆ. "ನಾನೇ ಕೂರ್ತೇನೆ ಅತ್ತಿಗೆ, ಅದರಲ್ಲಿ ಎಂತ ಉಂಟು?" ಎಂದ ಒಬ್ಬ. ಅಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಅವನು ಹೋದ ಮೇಲೆ ಶುರು ಮಾಡಿದಳು.

"ಅವ ನಿನ್ನನ್ನು ಎಂತ ಕರಿತಾನೆ?"

"ಅತ್ತಿಗೆ."

"ಅತ್ತಿಗೆ ಅಂತ ಕರಿಯುವವ ಮಗುವಿಗೆ ಚಿಕ್ಕಪ್ಪ ಆದ. ಚಿಕ್ಕಪ್ಪ ಮಾವ ಆಗುದು ಹೇಗೆ?"

ಅಲ್ಲಿಗೆ ಆ ದಾರಿ ಮುಚ್ಚಿತು. ನಾನು ದೋಹಾಕ್ಕೆ ಬಂದದ್ದೇ ಇವರ ಹೆಂಡತಿಯಾಗಿ. ಹಾಗಾಗಿ ಇವರ ಗೆಳೆಯರಲ್ಲಿ ಹಿರಿಯರೆಲ್ಲ ನನಗೆ ಭಾವ, ಕಿರಿಯರಿಗೆಲ್ಲ ನಾನು ಅತ್ತಿಗೆ. ಇಡೀ ಊರೇ ಗಂಡನ ಕಡೆಯವರಿಂದ ತುಂಬಿಹೋಗಿತ್ತು. ಗಂಡ ಎದುರು ಮನೆಯತ್ತ ಕೈ ತೋರಿಸಿದರು. "ಬಾಯಮ್ಮನ ಗಂಡನನ್ನು ನೀನು ಅಂಕಲ್ ಅಂತೀಯಲ್ಲ. ಅಂಕಲ್ ಅಂದ್ರೆ ಮಾವನೇ."

"ಅಂಕಲ್ ಅಂದ್ರೆ ಎಲ್ಲರೂ" ಎಂದಳು ಅಮ್ಮ. "ದೊಡ್ಡಪ್ಪನೂ ಅಂಕಲ್, ಚಿಕ್ಕಪ್ಪನೂ ಅಂಕಲ್, ಬಾಡಿಗೆ ಕೇಳ್ಲಿಕ್ಕೆ ಬರುವವನೂ ಅಂಕಲ್. ಅದು ಸಂಬಂಧವಾ?"

ಆಮೇಲೆ ಒಂದು ಸಂಜೆ ಅಮ್ಮ ನನ್ನೊಟ್ಟಿಗೆ ಕೆಳಗಿನ ಬಕಾಲಾಕ್ಕೆ ಬಂದಳು. ಬಕಾಲಾ ಅಂದರೆ ಅಲ್ಲಿಯ ದಿನಸಿ ಅಂಗಡಿ. ನಡೆಸುತ್ತಿದ್ದವರು ಮಂಗಳೂರು ಕಡೆಯ ಒಬ್ಬ ಬ್ಯಾರಿ ಮುಸ್ಲಿಮರು. ಅವರ ಪರಿಚಯವಾದದ್ದು ನನ್ನ ಹರಕು ಹಿಂದಿಯ ದೆಸೆಯಿಂದ. ಬಂದ ಹೊಸತರಲ್ಲಿ ಕುಚ್ಚಲಕ್ಕಿಗೆ ಹಿಂದಿಯಲ್ಲಿ ಏನೆನ್ನುವುದೆಂದು ತಿಳಿಯದೆ, ಧೈರ್ಯ ಮಾಡಿ, "ಉಬಾಲಾ ಹುವಾ ಚಾವಲ್ ಹೈ ಕ್ಯಾ?" ಎಂದು ಕೇಳಿದ್ದೆ. ಅವರು ತಲೆ ಎತ್ತದೆ ಹೇಳಿದ್ದರು: "ಬೇಯಿಸಿದ ಅನ್ನ ಹೋಟೆಲಿನಲ್ಲಿ ಸಿಕ್ತದೆ ತಂಗಿ. ಇಲ್ಲಿ ಕುಚ್ಚಲಕ್ಕಿ ಮಾತ್ರ ಉಂಟು." ನನ್ನ ಹಿಂದಿ ಕೇಳಿಯೇ ಊರು ಯಾವುದೆಂದು ಹಿಡಿದುಬಿಟ್ಟಿದ್ದರು. ನಾನು, "ಅಯ್ಯೋ ಅಣ್ಣ, ಮೊದಲೇ ಹೇಳ್ಲಿಕ್ಕೆ ಆಗುದಿಲ್ವಾ" ಎಂದೆ. ಅಂದಿನಿಂದ ಅವರು ಅಣ್ಣ, ನಾನು ತಂಗಿ. ಬಸಳೆ ಬಂದ ದಿನ ಮಿಸ್ ಕಾಲ್ ಕೊಡುತ್ತಿದ್ದರು. ಬಸುರಿಯಾಗಿದ್ದಾಗ ಲಿಫ್ಟು ಕೆಟ್ಟರೆ ಅಕ್ಕಿ ಚೀಲವನ್ನು ತಾವೇ ಹೊತ್ತು ಮೇಲೆ ತರುತ್ತಿದ್ದರು.

ಅಮ್ಮ ತೆಂಗಿನಕಾಯಿ ಬಡಿದು ನೋಡುತ್ತ ನಿಂತಿದ್ದಳು. "ತಂಗಿ, ಈ ಸೆಕೆಗೆ ನೀವೆಂತಕ್ಕೆ ಬಂದದ್ದು? ಫೋನ್ ಮಾಡಿದ್ರೆ ಸಾಕಿತ್ತಲ್ಲ" ಎಂದರು ಅವರು. ಅಮ್ಮನ ಕೈ ನಿಂತಿತು. ಮೆಟ್ಟಿಲು ಹತ್ತುವಾಗ ಅವಳು ಕೇಳಿದ್ದು ಒಂದೇ ಮಾತು. "ಇವರು ಎಷ್ಟು ಸಮಯದಿಂದ ನಿನ್ನನ್ನು ತಂಗಿ ಅಂತ ಕರಿಯುದು?"

"ಬಂದಾಗಿನಿಂದ."

"ಮತ್ತೆ ನಾವು ಹುಡುಕುದು ಯಾರನ್ನು?"

ಗಂಡ ಬೆಚ್ಚಿಬಿದ್ದರು ಎನ್ನಬಹುದು. ಗೆಳೆಯರಲ್ಲಿ ಹಿರಿಯರೊಬ್ಬರು ಮನೆಗೇ ಬಂದು, "ಇದು ಬೇಕಾ? ಊರಲ್ಲಿ ಈಗ ಗಾಳಿ ಹೇಗೆ ಉಂಟು ಅಂತ ಗೊತ್ತುಂಟಲ್ಲ. ನಾಲ್ಕು ಜನ ಕೇಳಿದ್ರೆ?" ಎಂದರು. ನನಗೆ ಕೋಪ ನೆತ್ತಿಗೇರಿತು. ಊರಿನ ಗಾಳಿಯನ್ನು ಸಮುದ್ರ ದಾಟಿಸಿ ನನ್ನ ಮಗುವಿನ ತೊಟ್ಟಿಲಿಗೆ ಬೀಸಲು ಇವರು ಯಾರು? ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಕೇಳಿದ ನಾಲ್ಕು ಜನರಲ್ಲಿ ನನ್ನ ಮಗಳಿಗೆ ಬಸಳೆ ತಂದು ಕೊಟ್ಟವ ಯಾರು ಅಂತ ಕೇಳಿ ಬನ್ನಿ" ಎಂದು ಚಹಾದ ಲೋಟ ಅವರ ಮುಂದೆ ಇಟ್ಟಳು. ಅವರು ಚಹಾ ಕುಡಿದು ಹೋದರು.

ಆದರೆ ಬಕಾಲಾದ ಅಣ್ಣ ಒಪ್ಪಬೇಕಲ್ಲ. ಅವರನ್ನು ಮನೆಗೆ ಕರೆದು ಅಮ್ಮನೇ ವಿಷಯ ಹೇಳಿದಳು. ಅವರು ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ನಿಂತಿದ್ದವರು ಕೂರಲೂ ಇಲ್ಲ. "ಅಮ್ಮ, ಬೇಸರ ಮಾಡ್ಬಾರದು. ಪೂಜೆಗೆ ಕೂರ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ಆರತಿ ಎತ್ತುದು ಎಲ್ಲ ನಮ್ಮಲ್ಲಿ ಇಲ್ಲ. ಇಲ್ಲದ್ದನ್ನು ಉಂಟು ಅಂತ ಮಾಡಿದ್ರೆ ಮಗುವಿಗೂ ಮೋಸ" ಎಂದರು. ಆ ನೇರ ಮಾತು ನನಗೆ ಬಹಳ ಹಿಡಿಸಿತು.

"ಆರತಿ ನಾನು ಎತ್ತುತ್ತೇನೆ" ಎಂದಳು ಅಮ್ಮ. "ನೀವು ಮಗುವನ್ನು ಎತ್ತಿ."

ಅವರು ನಕ್ಕರು. ಆಮೇಲೆ ಅವರ ಸ್ವರ ತಗ್ಗಿತು. "ನನ್ನ ತಂಗಿಯರ ಮಕ್ಕಳು ಹುಟ್ಟಿದಾಗ ಒಂದನ್ನೂ ಎತ್ತಿಕೊಂಡವ ಅಲ್ಲ ನಾನು. ಎಲ್ಲ ಫೋಟೋದಲ್ಲಿ ನೋಡಿದ್ದು. ರಜೆಯಲ್ಲಿ ಹೋಗುವಾಗ ಓಡಿ ಹೋಗಿ ಅಡಗ್ತಾವೆ, ಯಾರೋ ಬಂದ್ರು ಅಂತ. ಆಯ್ತು, ಎತ್ತುತ್ತೇನೆ."

ಮುಹೂರ್ತಕ್ಕೆ ಊರಿನ ಜೋಯಿಸರಿಗೆ ಫೋನ್ ಹೋಯಿತು. ಶುಕ್ರವಾರ ಹನ್ನೆರಡಕ್ಕೆ, ಬಹಳ ಪ್ರಶಸ್ತ ಎಂದರು ಅವರು. ಗಂಡ ತಲೆಗೆ ಕೈ ಇಟ್ಟರು. ಹನ್ನೆರಡಕ್ಕೆ ಅಣ್ಣ ಜುಮ್ಮಾ ನಮಾಜಿನಲ್ಲಿ ಇರುತ್ತಾರೆ, ಮುಹೂರ್ತವೂ ಜುಮ್ಮಾವೂ ಒಂದೇ ಗಳಿಗೆಗೆ ಬಂದು ಕೂತಿವೆ. ಅಮ್ಮ ಮಾತ್ರ ಮಗುವಿಗೆ ಎಣ್ಣೆ ಹಚ್ಚುತ್ತ, "ಜೋಯಿಸರು ಹೇಳಿದ್ದು ಊರ ಹನ್ನೆರಡು" ಎಂದಳು. ಊರ ಹನ್ನೆರಡು ಅಂದರೆ ದೋಹಾದಲ್ಲಿ ಬೆಳಿಗ್ಗೆ ಒಂಬತ್ತೂವರೆ. ಗಂಡ ಎಂಜಿನಿಯರು, ಸೂರ್ಯ, ಅಕ್ಷಾಂಶ, ರೇಖಾಂಶ ಎಂದು ಪಾಠ ಶುರು ಮಾಡಿದರು, ಇಲ್ಲಿ ಮುಹೂರ್ತ ಇಲ್ಲಿಯ ಸೂರ್ಯನಿಗೇ ಸೇರಿದ್ದು ಎಂದರು. "ಮಗು ಇಲ್ಲಿಯದ್ದಾ ಊರಿನದ್ದಾ?" ಎಂದು ಅಮ್ಮ ಕೇಳಿದಳು. ಎಂಜಿನಿಯರಿಂಗ್ ಖಲಾಸ್. ಜೋಯಿಸರನ್ನು ಮತ್ತೆ ಕೇಳುವ ಉಸಾಬರಿಗೆ ಯಾರೂ ಹೋಗಲಿಲ್ಲ. ಎದುರು ಮನೆಯ ಬಾಯಮ್ಮನಿಗೆ ಮಾತ್ರ ಆ ಹೊತ್ತಿಗೆ ಚರ್ಚಿನ ಪೂಜೆ. "ನನ್ನ ಆಯ್ತಾರ್ ಮುಗಿಸಿ ಊಟಕ್ಕೆ ಬರ್ತೇನೆ, ಎಲೆ ಇಡಿ" ಎಂದು ಹೇಳಿ ಹೋದರು.

ಆ ಬೆಳಿಗ್ಗೆ ಅಣ್ಣ ಬಿಳಿ ಅಂಗಿ ಹಾಕಿ, ಗಡ್ಡ ಬಾಚಿ, ಅತ್ತರು ಹಚ್ಚಿ ಬಂದರು. ಮಣೆ ದೇವರ ಕಪಾಟಿನ ಕಡೆಗೆ ಮುಖ ಮಾಡದ ಹಾಗೆ ಅಮ್ಮನೇ ಗೋಡೆಯ ಬದಿಗೆ ತಿರುಗಿಸಿ ಇಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ, ಸುಮ್ಮನೆ ಇಟ್ಟಿದ್ದಳು. ಅವರು ಕೂತರು. ಮಗುವನ್ನು ತೊಡೆಗೆ ಕೊಟ್ಟಾಗ ಮೊಟ್ಟೆಯ ಟ್ರೇ ಹಿಡಿದಂತೆ ಹಿಡಿದುಕೊಂಡರು. ಉಡಿದಾರದ ಗಂಟು ಎರಡು ಸಲ ಜಾರಿತು. ಆಮೇಲೆ ಬಗ್ಗಿ, ಅವಳ ಕಿವಿಗೆ ಬಾಯಿಟ್ಟು ಹೆಸರು ಹೇಳಿದರು. ಹೆಸರು ಹೇಳುವುದಕ್ಕೆ ಅಷ್ಟು ಹೊತ್ತು ಬೇಡ. ನಾನು ಆಮೇಲೆ ಕೇಳಿದೆ, ಎಂತ ಹೇಳಿದ್ದು ಅಷ್ಟೊಂದು ಎಂದು. "ಮೊದಲು ನಾನು ಯಾರು ಅಂತ ಹೇಳ್ಬೇಕಲ್ಲ ತಂಗಿ" ಎಂದರು. "ನಿನ್ನ ಮಾವ ಅಂತ ಹೇಳಿದೆ. ಅಡಗ್ಬೇಡ ಅಂತ ಹೇಳಿದೆ."

ಹೆಸರಿಟ್ಟಾಯಿತು, ಅಣ್ಣ ಅಂಗಡಿಗೆ ಇಳಿದರು, ಅಲ್ಲಿಂದ ಜುಮ್ಮಾಕ್ಕೆ ಹೋದರು. ಮೇಲೆ ಜನ ಸೇರತೊಡಗಿದರು. ಗಂಡನ ಗೆಳೆಯರು, ಅವರ ಹೆಂಡತಿ ಮಕ್ಕಳು, ಚರ್ಚಿನಿಂದ ಉಪವಾಸದಲ್ಲೇ ಬಂದ ಬಾಯಮ್ಮನ ಮನೆಯವರು. ಕೋಣೆಯ ಉದ್ದಕ್ಕೂ ಬಾಳೆಎಲೆ ಹಾಸಿತ್ತು. ಬಸಳೆ ಸಾಂಬಾರು, ಗಸಿ, ಪಾಯಸದ ಪರಿಮಳ. ಕೆಲವರು ಕೂತೂ ಬಿಟ್ಟಿದ್ದರು. ಅಮ್ಮ ಅಡುಗೆ ಕೋಣೆಯ ಬಾಗಿಲಲ್ಲಿ ಸೌಟು ಹಿಡಿದು ಅಡ್ಡ ನಿಂತಳು.

"ಮಾವ ಉಣ್ಣದೆ ಬಡಿಸ್ಲಿಕ್ಕಿಲ್ಲ."

ಯಾರೂ ಇದನ್ನು ನಿರೀಕ್ಷಿಸಿರಲಿಲ್ಲ. ನಮ್ಮ ಕ್ರಮವೇ ಅದು, ಎಲ್ಲರಿಗೂ ಗೊತ್ತು. ಆದರೆ ಮಾವ ಮಸೀದಿಯಲ್ಲಿ ಇದ್ದಾರಲ್ಲ. ಕಿಟಕಿಯಿಂದ ಮಸೀದಿಯ ಖುತುಬಾ ಕೇಳುತ್ತಿತ್ತು, ಅರಬಿಯಲ್ಲಿ, ನಿಧಾನವಾಗಿ. ಮಕ್ಕಳು ಎಲೆಯ ತುದಿ ಹರಿಯತೊಡಗಿದವು. ಬಾಯಮ್ಮನ ಗಂಡ ಕಿಟಕಿಗೆ ಹೋಗಿ ಕೆಳಗೆ ಇಣುಕಿ, "ಇನ್ನೂ ಭಾಷಣವೇ ನಡೀತಾ ಉಂಟು. ನಮ್ಮ ಫಾದರ್‌ನಿಂದಲೂ ಉದ್ದ" ಎಂದು ವರದಿ ಕೊಟ್ಟರು. ಹಿಂದೂಗಳೂ ಕ್ರಿಸ್ತುವರೂ ಹಸಿದ ಹೊಟ್ಟೆಯಲ್ಲಿ ಕೂತು, ಜುಮ್ಮಾ ಬೇಗ ಮುಗಿಯಲಿ ಎಂದು ಇಷ್ಟು ಭಕ್ತಿಯಿಂದ ಬೇಡಿದ್ದು ಆ ಕಟ್ಟಡದಲ್ಲಿ ಹಿಂದೆಂದೂ ಇರಲಿಕ್ಕಿಲ್ಲ. ನನಗೆ ಒಳಗೊಳಗೇ ಖುಷಿಯೋ ಖುಷಿ.

ಚಹಾ ಕುಡಿದು ಹೋಗಿದ್ದ ಆ ಹಿರಿಯರು ಕೊನೆಗೆ ತಡೆಯಲಾರದೆ, "ಅಮ್ಮ, ಮಕ್ಕಳಿಗಾದರೂ ಬಡಿಸಿ. ಅವರೊಬ್ಬರಿಗೆ ಪ್ರತ್ಯೇಕ ಎಲೆ ತೆಗೆದಿಟ್ರೆ ಆಯ್ತಪ್ಪ" ಎಂದರು.

ಅಮ್ಮ ಸೌಟು ಕೆಳಗಿಟ್ಟಳು. "ನನ್ನ ಮಗ ಇದ್ದಿದ್ರೆ ಕಾಯ್ತಿದ್ದಿರಲ್ಲ?" ಎಂದಳು. ಅವಳ ಸ್ವರ ಏರಲಿಲ್ಲ. ಹಿರಿಯರು ತಲೆ ತಗ್ಗಿಸಿದರು, ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ತಾವೂ ಕಾದರು.

ಖುತುಬಾ ನಿಂತಿತು, ನಮಾಜು ಮುಗಿಯಿತು. ಅಣ್ಣ ಏದುಸಿರು ಬಿಡುತ್ತ ಮೇಲೆ ಬಂದು, ಬಾಗಿಲಲ್ಲಿ ನಿಂತು, ಖಾಲಿ ಎಲೆಗಳನ್ನೂ ಎಲ್ಲರ ಮುಖವನ್ನೂ ನೋಡಿದರು. "ಎಂತ ಆಯ್ತು? ಯಾಕೆ ಯಾರೂ ಊಟ ಮಾಡ್ಲಿಲ್ಲ?"

ಅಮ್ಮ ಅವರನ್ನು ಮೊದಲ ಎಲೆಗೆ ಕೂರಿಸಿ, ಉಪ್ಪು ಹಾಕಿ, ಅನ್ನ ಬಡಿಸಿದಳು. ಹೆತ್ತ ಮಗ ಸತ್ತಾಗ ನಾಲ್ಕು ಜನರ ಮುಂದೆ ಅಳದಿದ್ದವಳು ಅವಳು. ಈಗ ಕಣ್ಣೀರು ಗಲ್ಲಕ್ಕೆ ಇಳಿದರೂ ಒರೆಸಿಕೊಳ್ಳದೆ ಸಾಂಬಾರು ಸುರಿಯುತ್ತಿದ್ದಳು. ಎಲ್ಲರೂ ತಮ್ಮ ಕೈಯನ್ನೇ ನೋಡುತ್ತಿದ್ದಾರೆ ಎಂದು ತಿಳಿದು ಅಣ್ಣ ಅವಸರದಲ್ಲಿ ಬಿಸಿ ತುತ್ತನ್ನೇ ಬಾಯಿಗಿಟ್ಟರು.

"ನಿಧಾನ ಉಣ್ಣು ಮಗಾ" ಎಂದಳು ಅಮ್ಮ. "ಅವರು ಕಾಯಲಿ."