ಎಡತೋಳಿನ ಸುಣ್ಣ

ನಮ್ಮ ಟೈಲರಮ್ಮನ ಹಟ ಎಂಥದ್ದೆಂದು ತಿಳಿಯಬೇಕಾದರೆ ಆ ಕಪ್ಪು ನಿಲುವಂಗಿಯ ಕಥೆ ಕೇಳಬೇಕು.

ಊರಿನ ಹಳೇ ಹೆಣ್ಣುಮಕ್ಕಳ ಶಾಲೆ ಈಗ ಮ್ಯೂಸಿಯಂ. ಪ್ರತಿ ಶನಿವಾರ ಟೈಲರಮ್ಮ ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿ, ಆ ಅಂಗಿ ತೊಟ್ಟು, ನೋಡಲು ಬಂದವರ ಮುಂದೆ ಅಲ್ಲಿನ ಮೊದಲ ಹೆಡ್‌ಮಿಸ್ ಆಗಿಬಿಡುತ್ತಿದ್ದಳು. ‘ಅವರು ಹೀಗಿದ್ದರು’ ಅನ್ನುವ ಮಾತೇ ಇಲ್ಲ, ಬಾಯಿ ತೆರೆದರೆ ‘ನಾನು’. ಅಂಗಿ ಕಳಚುವ ತನಕ ಟೀವಿ, ಮೊಬೈಲು ಒಂದೂ ಗೊತ್ತಿಲ್ಲ. ಹನ್ನೊಂದು ವರ್ಷ ಒಬ್ಬರೂ ತಪ್ಪು ಹಿಡಿದಿರಲಿಲ್ಲ.

ಒಂದು ಶನಿವಾರ ಎಂಬತ್ತು ದಾಟಿದ ದೊಡ್ಡಮ್ಮ ಒಬ್ಬರು ಊರುಗೋಲು ಊರಿಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂತರು. ಹೆಡ್‌ಮಿಸ್ಸಿನ ಮೊಮ್ಮಗಳು. ಅವರನ್ನು ಕಣ್ಣಾರೆ ಕಂಡವರಲ್ಲಿ ಉಳಿದವರು ಇವರೊಬ್ಬರೇ. ಟೈಲರಮ್ಮ ಬಲಗೈಯಲ್ಲಿ ಬೋರ್ಡಿನ ಮೇಲೆ ಪಾಠ ಬರೆದು ಮುಗಿಸಿದ ಮೇಲೆ ಮೆಲ್ಲಗೆ ಹೇಳಿದರು.

“ಎಲ್ಲಾ ಚೆನ್ನಾಗಿದೆಯಮ್ಮ. ಆದ್ರೆ ನಮ್ಮಜ್ಜಿ ಎಡಚಿ. ಬರೀತಾ ಬರೀತಾ ಎಡತೋಳೆಲ್ಲ ಸುಣ್ಣ ಮೆತ್ಕೊಳ್ಳೋದು, ಅದನ್ನ ಕೊಡವೋದು ನನ್ ಕೆಲಸ. ನೀನು ಬೇರೆ ಯಾರೋ.”

ಟೈಲರಮ್ಮನಿಗೆ ತನ್ನ ಮೇಲೆಯೇ ಕೆಂಡದಂಥ ಸಿಟ್ಟು ಬಂತು. ಗಾಜಿನ ಪೆಟ್ಟಿಗೆಯಲ್ಲಿದ್ದ ಅಸಲಿ ಅಂಗಿಯನ್ನು ಅಳೆದು ಈ ಅಂಗಿ ಹೊಲಿದವಳು ಅವಳೇ. ಅದರ ಎಡತೋಳಿನ ಅಂಚು ಮಾತ್ರ ಸವೆದಿದ್ದನ್ನು ನೋಡಿಯೂ, ನುಸಿ ತಿಂದಿರಬೇಕು ಅಂದುಕೊಂಡು ಸುಮ್ಮನಾಗಿದ್ದಳು. ಬಟ್ಟೆ ಹೇಳಿದ್ದು ಟೈಲರಿಗೇ ಕೇಳಿಸದಿದ್ದರೆ ಇನ್ಯಾರಿಗೆ ಕೇಳಿಸೀತು!

ಕೈ ಯಾವುದಾದರೇನು, ಯಾರು ನೋಡುತ್ತಾರೆ ಅಂದರು ಮ್ಯೂಸಿಯಂ ಮೇಡಂ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಂಡ ಗಾದೆ ಎಸೆದ.

“ತಪ್ಪು ಹೊಲಿಗೆ ಬಿಚ್ಚಲೇಬೇಕು ಕಣ್ರೀ,” ಅಂದಳು ಟೈಲರಮ್ಮ. “ಹನ್ನೊಂದು ವರ್ಷ ಹಳೇದಾದ್ರೂ ಅಷ್ಟೇ.”

ಐವತ್ತೆಂಟರ ಹೆಂಗಸು ಸ್ಲೇಟು ತಂದು ಎಡಗೈಯಲ್ಲಿ ಅಕ್ಷರ ತಿದ್ದಲು ಕೂತಳು. ಮೊದಮೊದಲು ಬರೀ ಕಾಗೆಕಾಲು ಗುಬ್ಬಿಕಾಲು. ಬಟ್ಟೆಗೆ ಗುರುತು ಹಾಕುವುದೂ ಎಡಗೈಯಲ್ಲೇ ಅಂತ ಹೊರಟು ಗಿರಾಕಿಯೊಬ್ಬರ ಕಾಲರ್ ಸೊಟ್ಟಗಾಯಿತು. ಬೈಸಿಕೊಂಡು, ಬೇರೆ ಹೊಲಿದುಕೊಟ್ಟಳು. ಕೈ ಪಳಗುವವರೆಗೂ ಶನಿವಾರದ ಹೆಡ್‌ಮಿಸ್ ಬಾಯಿಪಾಠವನ್ನಷ್ಟೇ ಹೇಳಿದರು, ಸೀಮೆಸುಣ್ಣ ಮುಟ್ಟಲಿಲ್ಲ. ಹತ್ತು ತಿಂಗಳು ಕಳೆದ ಮೇಲೆ ದೊಡ್ಡಮ್ಮನಿಗೆ ಎಡಗೈಯಲ್ಲೇ ಒಂದು ಕಾರ್ಡು ಬರೆದಳು: ಶನಿವಾರ ಬನ್ನಿ.

ದೊಡ್ಡಮ್ಮ ಬಂದರು, ಅದೇ ಬೆಂಚಿನಲ್ಲಿ ಕೂತರು. ಟೈಲರಮ್ಮ ಅವರತ್ತ ನೋಡದೆ ಬೋರ್ಡಿಗೆ ತಿರುಗಿ ನಾಲ್ಕು ಸಾಲು ಬರೆದಳು. ಅಕ್ಷರ ದುಂಡಗೆ ಬಂದವು. ತೋಳು ಬೆಳ್ಳಗಾಯಿತು.

ಊರುಗೋಲು ಬೆಂಚಿಗೆ ಒರಗಿಸಿ ದೊಡ್ಡಮ್ಮ ಎದ್ದು ಬಂದರು. ಆ ತೋಳು ಹಿಡಿದು, ಪಟಪಟ ಕೊಡವತೊಡಗಿದರು.

“ಮತ್ತೆ ಮೆತ್ಕೊಂಡ್ಯಾ, ಅಜ್ಜಿ?”

ಅಂಗಿ ಇನ್ನೂ ಟೈಲರಮ್ಮನ ಮೈಮೇಲಿತ್ತಲ್ಲ.

“ಕೊಡವೋಕೆ ನೀನಿದ್ದೀಯಲ್ಲ, ಪುಟ್ಟಿ,” ಅಂದು ಕೈಯನ್ನು ಇನ್ನಷ್ಟು ಮುಂದೆ ಚಾಚಿದಳು.