ಅರಿಶಿನದ ಪರೀಕ್ಷೆ

ನಮ್ಮ ಬಚ್ಚಲಿನ ಟೈಲ್ಸ್ ಸಂದುಗಳಿಂದ ನೀರು ಇಳಿದು ಕೆಳಗಿನ ಮನೆಯ ಚಾವಣಿ ಒದ್ದೆಯಾಗಿತ್ತು. ಸರಿ ಮಾಡಿಸದಿದ್ದರೆ ನಮ್ಮ ನೀರಿನ ವಾಲ್ವನ್ನೇ ಮುಚ್ಚಿಸುತ್ತೇವೆಂದು ಆ ಮನೆಯವರು ಹೇಳಿಯಾಗಿತ್ತು. ಪಲ್ಲಾವರಂನಿಂದ ಬಂದ ತಮಿಳು ಮೇಸ್ತ್ರಿ ಸೆಲ್ವಂ ಸಂದುಗಳನ್ನೆಲ್ಲ ಬೆಳ್ಳಗೆ ಉಜ್ಜಿ, ನೀರು ಹೀರದಂತೆ ಬಣ್ಣವಿಲ್ಲದ ಸೀಲರ್ ಬಳಿದ. ಮರುದಿನ ಬಂದು ಟೈಲ್ ಮೇಲೆ ನೀರು ಚಿಮುಕಿಸಿದ. ಹನಿಗಳು ಗುಂಡಗೆ ನಿಂತವು.

“ಪಾತ್ತೀಂಗಳಾ, ನೋಡಿದ್ರಾ ಸಾರ್? ಐದು ವರ್ಷ ಗ್ಯಾರಂಟಿ!”

“ಟೈಲ್ ಯಾವತ್ತು ನೀರು ಕುಡಿದಿತ್ತು? ಸಂದು ತೋರಿಸಪ್ಪಾ,” ಎಂದೆ.

ಅಷ್ಟರಲ್ಲಿ ನಮ್ಮತ್ತೆ ಬಟ್ಟಲಲ್ಲಿ ಅರಿಶಿನ ಕಲಸಿ ತಂದರು. ಅವರ ಶುಕ್ರವಾರದ ಅರಿಶಿನ ಸ್ನಾನಕ್ಕೆ ಹಳದಿಯಾಗದ ಸಂದು ಈ ಬಚ್ಚಲಲ್ಲಿ ಹಿಂದೆ ಇರಲೇ ಇಲ್ಲ. ಎಲ್ಲ ಸಂದುಗಳಿಗೂ ಹಚ್ಚಿ, ಕಾಫಿ ಕುಡಿದು ಬಂದು ಒರೆಸಿದರು. ಮೂಲೆಯ ಒಂದು ಸಂದು ಬಿಟ್ಟು ಉಳಿದವೆಲ್ಲ ಬೆಳ್ಳಗಿದ್ದವು.

“ಏನಪ್ಪಾ, ಇದೊಂದು ಯಾಕೆ ಹಳದಿ?”

ಸೆಲ್ವಂ ತಲೆ ಕೆರೆದುಕೊಂಡ. “ಅಲ್ಲಿ ಬಕೆಟ್ ಇತ್ತು, ಮಾಮಿ.”

“ಅದನ್ನ ಎತ್ತಿಡೋಕೆ ಇನ್ನೊಬ್ಬ ಮೇಸ್ತ್ರಿ ಬರಬೇಕಿತ್ತಾ?”

ಅವನು ನಗುತ್ತಲೇ ಆ ಸಂದಿಗೂ ಸೀಲರ್ ಬಳಿದ. ಮೊದಲು ಅರಿಶಿನ ಉಜ್ಜಿ ತೆಗೆಯಬೇಕೆಂದು ನಮ್ಮ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಕೆಳಗಿನ ಚಾವಣಿ ಈಗ ಒಣಗಿದೆ, ನಲ್ಲಿಯಲ್ಲಿ ನೀರೂ ಬರುತ್ತಿದೆ. ಆ ಹಳದಿ ಗೆರೆಗೂ ಐದು ವರ್ಷ ಗ್ಯಾರಂಟಿ.